ಅಜ್ಜಿಯ ನವೆಂಬರ್ ಲಕೋಟೆ

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಇಲ್ಲಿನ ಚರ್ಚಿನ ಬಾಗಿಲ ಹತ್ತಿರ ಒಂದು ಪುಟ್ಟ ಮೇಜು ಹಾಕಿರುತ್ತಾರೆ. ಅದರ ಮೇಲೆ ಲಕೋಟೆಗಳ ಕಟ್ಟು. ಪೂಜೆ ಮುಗಿಸಿ ಹೊರಗೆ ಬರುವವರು ಮನೆಗೊಂದು ತೆಗೆದುಕೊಂಡು ಹೋಗುತ್ತಾರೆ. ಒಳಗೆ ಗೆರೆ ಹಾಕಿದ ಒಂದು ಹಾಳೆ. ತೀರಿಹೋದ ಮನೆಯವರ ಹೆಸರನ್ನೆಲ್ಲ ಅದರಲ್ಲಿ ಬರೆದು, ಕೈಲಾದಷ್ಟು ಕಾಣಿಕೆ ಇಟ್ಟು, ಬಲಿಪೀಠದ ಪಕ್ಕದ ಪೆಟ್ಟಿಗೆಗೆ ಹಾಕಬೇಕು. ನವೆಂಬರ್ ಪೂರ್ತಿ ಆ ಪೆಟ್ಟಿಗೆ ಅಲ್ಲೇ ಇರುತ್ತದೆ. ಆ ತಿಂಗಳ ಪೂಜೆಗಳಲ್ಲಿ ಅದರೊಳಗಿನ ಹೆಸರುಗಳಿಗಾಗಿ ಪ್ರಾರ್ಥನೆ ನಡೆಯುತ್ತದೆ.

ನಾನು ಹಾಸನದ ಕಡೆಯವಳು. ನರ್ಸ್ ಕೆಲಸಕ್ಕೆ ಅಂತ ಐರ್ಲೆಂಡಿಗೆ ಬಂದು ಎಂಟು ವರ್ಷ ಆಯಿತು. ಇರುವುದು ಪಶ್ಚಿಮ ತೀರದ ಮೇಯೋ ಸೀಮೆಯಲ್ಲಿ. ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಅವರ ತವರು ಒ'ಮ್ಯಾಲಿ ಕುಲ. ನನ್ನನ್ನು 'ಅ ಸ್ತೋರ್' ಅಂತ ಕರೆಯುತ್ತಾರೆ. ನಮ್ಮಲ್ಲಿ 'ಬಂಗಾರ' ಅಂತೀವಲ್ಲ, ಹಾಗೆ. ಅವರ ಲಕೋಟೆ ತುಂಬುವ ಸಂಜೆ ನಾನು ಜೊತೆಗೆ ಕೂರುವುದು ಈಗ ರೂಢಿಯಾಗಿಬಿಟ್ಟಿದೆ.

ಮೊದಲ ಸಲ ಕೂತಾಗ, ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಎರಡು ಗಂಟೆ ಹಿಡಿಯಿತು. ಅಜ್ಜಿ ಕನ್ನಡಕ ಹಾಕಿಕೊಂಡರು. ಟೀ ಲೋಟವನ್ನು ಹಾಳೆಗೆ ತಾಗದ ಹಾಗೆ ಆ ಕಡೆ ಸರಿಸಿದರು. ನೀಲಿ ಬಾಲ್ ಪೆನ್ನು. ಬರೆಯುವುದಕ್ಕೆ ಮುಂಚೆ ಪ್ರತಿ ಹೆಸರನ್ನೂ ಒಂದು ಸಲ ಬಾಯಿಬಿಟ್ಟು ಹೇಳುತ್ತಾರೆ. ಆಮೇಲೆ ಆ ಮನುಷ್ಯನ ಬಗ್ಗೆ ಒಂದು ಮಾತು. ಇವನು ಬಾಸ್ಟನ್‌ಗೆ ಹೋದವನು, ವಾಪಸು ಬರಲೇ ಇಲ್ಲ. ಇವಳ ಕೈಯ ಬ್ರೆಡ್ಡು ಯಾರಿಗೂ ಬರುತ್ತಿರಲಿಲ್ಲ. ಇವನು ದೋಣಿ ಮಗುಚಿ ಹೋದ. ಮಾತು ಮುಗಿದ ಮೇಲೇ ಪೆನ್ನು ಹಾಳೆಗೆ ತಾಗುತ್ತದೆ. ಬರೆದಾದ ಮೇಲೆ ಮೆಲ್ಲಗೆ ಐರಿಷ್ ಭಾಷೆಯಲ್ಲಿ, 'ಅರ್ ಯೆಶ್ ಜೇ ಗೊ ರೆವ್ ಅ ಹಾನಮ್.' ದೇವರ ಬಲಗಡೆ ಆ ಜೀವ ಇರಲಿ ಅಂತ ಅರ್ಥ.

ನಡುವೆ ಒಂದು ಗೆರೆಗೆ ಬಂದಾಗ ಕೈ ನಿಂತಿತು. ಅಲ್ಲಿ ಹೆಸರು ಬರೆಯಲಿಲ್ಲ. 'ಮಗು' ಅಂತ ಮಾತ್ರ ಬರೆದರು. ಆವತ್ತು ನಾನು ಏನೂ ಕೇಳಲಿಲ್ಲ.

ಒ'ಮ್ಯಾಲಿಗಳ ಸೀಮೆ ಕ್ಲ್ಯೂ ಕೊಲ್ಲಿಯ ಸುತ್ತಮುತ್ತ. ಸಮುದ್ರವನ್ನೇ ನಂಬಿ ಬಾಳಿದ ಕುಲ ಅದು. ಐರಿಷ್‌ನಲ್ಲಿ ಅವರ ಹೆಸರು ಓ ಮಾಲ್ಯೆ. 'ಓ' ಅಂದರೆ ಮೊಮ್ಮಗ, ವಂಶದವನು ಅಂತ. 'ಮಾಕ್' ಅಂದರೆ ಮಗ. ನನಗೆ ಇದನ್ನು ಕೇಳಿದಾಗ ಬಹಳ ಹಿಡಿಸಿತು. ಈ ಜನ ತಮ್ಮ ಹೆಸರು ಹೇಳಿದಾಗಲೆಲ್ಲ ಯಾವುದೋ ಕಾಲದ ಒಬ್ಬ ಅಜ್ಜನನ್ನು ನೆನೆದೇ ಹೇಳುತ್ತಾರೆ ಅಲ್ವಾ? ಇಂಗ್ಲಿಷರ ಆಳ್ವಿಕೆಯಲ್ಲಿ ಎಷ್ಟೋ ಮನೆತನಗಳು ಆ 'ಓ' ಬಿಟ್ಟುಬಿಟ್ಟಿದ್ದವು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಐರಿಷ್ ಭಾಷೆಯ ಮೇಲೆ ಮತ್ತೆ ಅಭಿಮಾನ ಹುಟ್ಟಿದಾಗ ಹಲವರು ಅದನ್ನು ವಾಪಸು ತಂದುಕೊಂಡರು.

ಬೇಸಿಗೆಯಲ್ಲಿ ಈ ಕುಲದವರು ವರ್ಷಕ್ಕೊಮ್ಮೆ ಒಟ್ಟು ಸೇರುತ್ತಾರೆ. ಅಮೆರಿಕ, ಆಸ್ಟ್ರೇಲಿಯ, ಇಂಗ್ಲೆಂಡ್‌ನಿಂದಲೂ ಬರುವವರಿದ್ದಾರೆ. ಎರಡು ವರ್ಷದ ಹಿಂದೆ ಅಜ್ಜಿಯ ನೆಂಟರು ಕೆಲವರು ಬಂದಿದ್ದಾಗ ನನ್ನನ್ನೂ ಕರೆದುಕೊಂಡು ಕ್ಲೇರ್ ದ್ವೀಪಕ್ಕೆ ಹೋದರು. ರೂನಾ ಹಡಗುಕಟ್ಟೆಯಿಂದ ಫೆರ್ರಿ ಹತ್ತಿದರೆ ಅರ್ಧ ಗಂಟೆಯೂ ಆಗುವುದಿಲ್ಲ. ದ್ವೀಪದ ಬಂದರಿನಲ್ಲೇ ಗ್ರಾನ್ಯಾ ವೇಲ್ ಕೋಟೆ. ಇಂಗ್ಲಿಷರು ಗ್ರೇಸ್ ಒ'ಮ್ಯಾಲಿ ಅಂತ ಕರೆದದ್ದು ಇವಳನ್ನೇ. ಹಡಗುಗಳನ್ನು ತಾನೇ ನಡೆಸಿದ ಹೆಂಗಸು. ಮಗನನ್ನೂ ತಮ್ಮನನ್ನೂ ಇಂಗ್ಲಿಷರು ಸೆರೆ ಹಿಡಿದಾಗ 1593ರಲ್ಲಿ ಲಂಡನ್ನಿನ ತನಕ ಹೋಗಿ ಮೊದಲನೇ ಎಲಿಜಬೆತ್ ರಾಣಿಯ ಎದುರೇ ನಿಂತು ಬಿಡಿಸಿಕೊಡು ಅಂತ ಕೇಳಿದವಳು.

ನಾವು ಕೋಟೆ ನೋಡಲು ನಿಲ್ಲಲಿಲ್ಲ. ಅಜ್ಜಿಗೆ ಅವಸರ. ದ್ವೀಪದಲ್ಲಿ ಹಳೆಯ ಮಠದ ಪುಟ್ಟ ಚರ್ಚೊಂದು ಇದೆ. ಒಳಗೆ ಮೇಲಿನ ಕಮಾನಿನಲ್ಲಿ ಐನೂರು ವರ್ಷಕ್ಕೂ ಹಿಂದಿನ ಬಣ್ಣದ ಚಿತ್ರಗಳು ಅಲ್ಲಲ್ಲಿ ಉಳಿದಿವೆ. ರೆಕ್ಕೆಯ ಪ್ರಾಣಿಗಳು, ವಾದ್ಯ ನುಡಿಸುವವನು, ಬೇಟೆ. ಗೋಡೆಯಲ್ಲಿ ಒಂದು ಕೆತ್ತಿದ ಕಲ್ಲು. ಅದರಲ್ಲಿ ಕಾಡುಹಂದಿ, ಹಡಗು, ಕೆಳಗೆ ಲ್ಯಾಟಿನ್‌ನಲ್ಲಿ ಕುಲದ ಮಾತು. ನೆಲದ ಮೇಲೂ ನೀರಿನ ಮೇಲೂ ಬಲಶಾಲಿಗಳು ಅಂತ. ಗ್ರಾನ್ಯಾಳನ್ನು ಮಣ್ಣು ಮಾಡಿದ್ದು ಇಲ್ಲೇ ಅಂತ ಊರವರು ನಂಬುತ್ತಾರೆ. ಅಮೆರಿಕದಿಂದ ಬಂದಿದ್ದ ಒಬ್ಬರು, ನಡು ವಯಸ್ಸಿನ ಗಂಡಸು, ಆ ಕಲ್ಲಿನ ಎದುರು ಮಂಡಿಯೂರಿದರು. ಜೇಬಿನಿಂದ ಒಂದು ಚೀಟಿ ತೆಗೆದು ಹೆಸರುಗಳನ್ನು ಓದಿದರು. ತಂದೆ, ಅಜ್ಜ, ಮುತ್ತಜ್ಜ. ಅಲ್ಲಿಗೆ ನಿಂತಿತು. ಅದರ ಹಿಂದಿನ ಹೆಸರು ಅವರಿಗೆ ಗೊತ್ತಿರಲಿಲ್ಲ. ಕೊನೆಗೆ 'ಮತ್ತು ಅವರ ಹಿಂದಿನವರೆಲ್ಲ' ಅಂದರು. ಅಜ್ಜಿಯೂ ಉಳಿದವರೂ 'ಆಮೆನ್' ಅಂದರು. ನಾನು ಸುಮ್ನೆ ಕೈಮುಗಿದೆ.

ಹೆಸರು ಅಲ್ಲಿಗೇ ಯಾಕೆ ನಿಲ್ಲುತ್ತದೆ ಅಂತ ಫೆರ್ರಿಯಲ್ಲಿ ವಾಪಸು ಬರುವಾಗ ಅಜ್ಜಿ ಹೇಳಿದರು. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಬಡವರಿಗೆ ಊಟ ಅಂದರೆ ಅದೊಂದೇ. ನಂತರದ ಏಳು ವರ್ಷದ ಬರದಲ್ಲಿ ದೇಶದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. ಮೇಯೋ ಒಂದರಲ್ಲೇ 1841ರ ಗಣತಿಯಲ್ಲಿ ಸುಮಾರು 3 ಲಕ್ಷ 89 ಸಾವಿರ ಜನ ಇದ್ದರು. ಹತ್ತು ವರ್ಷ ಕಳೆದು 1851ರಲ್ಲಿ ಎಣಿಸಿದಾಗ ಉಳಿದಿದ್ದು 2 ಲಕ್ಷ 74 ಸಾವಿರ. ಆ ಗಣತಿಗಳಲ್ಲಿ ಮನೆಮನೆಯ ಹೆಸರು ಬರೆದಿದ್ದ ಹಾಳೆಗಳಾದರೂ ಇದ್ದಿದ್ದರೆ! ಅವುಗಳಲ್ಲಿ ಬಹುಪಾಲು 1922ರ ಜೂನ್ 30ರಂದು, ಅಂತರ್ಯುದ್ಧದಲ್ಲಿ, ಡಬ್ಲಿನ್ನಿನ ದಾಖಲೆಗಳ ಕಚೇರಿಯ ಜೊತೆಗೇ ಸುಟ್ಟುಹೋದವು. ಪೂರ್ತಿಯಾಗಿ ಉಳಿದಿರುವುದರಲ್ಲಿ ತುಂಬ ಹಳೆಯದು 1901ರ ಗಣತಿ. ಅದರ ಹಿಂದಿನವರನ್ನು ಹುಡುಕಬೇಕಾದರೆ ಮಗುವನ್ನು ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಳ್ಳುವ ಜ್ಞಾನಸ್ನಾನದ ಚರ್ಚಿನ ಪುಸ್ತಕಗಳು, ಸಮಾಧಿಯ ಕಲ್ಲುಗಳು, ಇಲ್ಲವೇ ಮನೆಯ ಹಿರಿಯರ ಬಾಯಿಮಾತು.

ಮುರಿಸ್ಕ್ ಅನ್ನುವಲ್ಲಿ, ಕ್ರೋ ಪ್ಯಾಟ್ರಿಕ್ ಬೆಟ್ಟದ ಬುಡದಲ್ಲಿ, ಆ ಬರದ ಸ್ಮಾರಕ ಇದೆ. 1997ರಲ್ಲಿ ನಿಲ್ಲಿಸಿದ್ದು. ಕಂಚಿನ ಒಂದು ಹಡಗು. ದೂರದಿಂದ ಹಗ್ಗ, ಹಾಯಿ ಅನ್ನಿಸುತ್ತದೆ. ಹತ್ತಿರ ಹೋದರೆ ಅವೆಲ್ಲ ಅಸ್ಥಿಪಂಜರಗಳು. ರಸ್ತೆಯ ಆಚೆಗೆ, ನೀರಿನ ಅಂಚಿನಲ್ಲಿ, ಒ'ಮ್ಯಾಲಿಗಳೇ 1457ರಲ್ಲಿ ಜಾಗ ಕೊಟ್ಟು ಕಟ್ಟಿಸಿದ ಮಠದ ಪಾಳು ಗೋಡೆಗಳು. ಅಜ್ಜಿ ಆ ಹಡಗಿನ ಹತ್ತಿರ ಹೋದಾಗಲೆಲ್ಲ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಮಣ್ಣೇ ಸಿಗದೆ ನೀರು ಪಾಲಾದವರು ತಮ್ಮವರೂ ಇರುತ್ತಾರೆ ಅಂತ ಅವರ ಲೆಕ್ಕ. ಲಕೋಟೆಯ ಹಾಳೆಯಲ್ಲಿ ಅವರಿಗೂ ಒಂದು ಗೆರೆ ಇದೆ: 'ಹಡಗಿನವರು'.

ಈ ದೇಶದಲ್ಲಿ ಸತ್ತವರನ್ನು ಬೇಗ ಬಿಟ್ಟುಕೊಡುವುದಿಲ್ಲ. ಸಾವಾದ ಮನೆಯಲ್ಲಿ ದೇಹವನ್ನು ರಾತ್ರಿ ಒಂಟಿಯಾಗಿ ಬಿಡುವುದಿಲ್ಲ. ಊರಿಗೆ ಊರೇ ಬಂದು ಕೈ ಕುಲುಕಿ, ಟೀ ಕುಡಿದು, ಸತ್ತವರ ಮಾತಾಡುತ್ತಾ ಕೂರುತ್ತದೆ. ತಿಂಗಳಾದ ಮೇಲೆ ಇನ್ನೊಂದು ಪೂಜೆ. ಅದಕ್ಕೆ 'ತಿಂಗಳ ನೆನಪು' ಅಂತಲೇ ಹೆಸರು. ನಮ್ಮ ಮಾಸಿಕದ ಹಾಗೆ. ಫೋಟೊ ಇರುವ ಪುಟ್ಟ ಕಾರ್ಡು ಮಾಡಿಸಿ ಹಂಚುತ್ತಾರೆ. ಅಜ್ಜಿಯ ಪ್ರಾರ್ಥನೆ ಪುಸ್ತಕ ಮುಚ್ಚುವುದೇ ಇಲ್ಲ, ಅಷ್ಟು ಕಾರ್ಡುಗಳು ಒಳಗಿವೆ. ಬೇಸಿಗೆಯಲ್ಲಿ ಸ್ಮಶಾನದ ಭಾನುವಾರ. ಎಲ್ಲೆಲ್ಲಿಂದಲೋ ಮಕ್ಕಳು ಮೊಮ್ಮಕ್ಕಳು ಬಂದು ತಮ್ಮ ತಮ್ಮವರ ಸಮಾಧಿಯ ಪಕ್ಕ ನಿಲ್ಲುತ್ತಾರೆ. ಪಾದ್ರಿಗಳು ತೀರ್ಥ ಚಿಮುಕಿಸುತ್ತಾ ಸಾಲು ಸಾಲಾಗಿ ಬರುತ್ತಾರೆ.

ಅದಕ್ಕೆ ಹಿಂದಿನ ದಿನ ಅಜ್ಜಿಯ ಜೊತೆ ನಾನೂ ಬಕೆಟ್ಟು, ಬ್ರಷ್ಷು ಹಿಡಿದು ಹೋಗಿದ್ದೆ. ಇಲ್ಲಿನ ಮಳೆಗೆ ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ. ಅಜ್ಜಿ ಮಂಡಿಗೆ ಒಂದು ಹಳೆಯ ದಿಂಬು ಹಾಕಿಕೊಂಡು ಕೂತು ಒಂದೊಂದೇ ಅಕ್ಷರದ ಒಳಗೆ ಬ್ರಷ್ಷು ತಿರುಗಿಸಿ ಉಜ್ಜಿದರು. ಹಸಿರು ನೀರು ಇಳಿದು ಅವರಮ್ಮನ ಹೆಸರು ಬೆಳ್ಳಗೆ ಕಾಣಿಸಿತು. ಒದ್ದೆ ಕೈಯಲ್ಲೇ ಅದನ್ನು ಒಂದು ಸಲ ಸವರಿದರು. ನಮ್ಮಮ್ಮ ದೇವರ ದೀಪ ತೊಳೆದು ಸೆರಗಿನಿಂದ ಒರೆಸುವಾಗ ಇರುವ ಮುಖವೇ ಅದು.

ಆಮೇಲೆ, 'ಬಾ, ಇನ್ನೊಬ್ಬರಿದ್ದಾರೆ' ಅಂದರು.

ಸ್ಮಶಾನದಿಂದ ಹೊರಗೆ ಬಂದು, ಹೊಲದ ಕಲ್ಲುಗೋಡೆ ದಾಟಿ, ಸಮುದ್ರದ ಕಡೆ ನಡೆದೆವು. ಹುಲ್ಲಿನ ದಿಬ್ಬ. ಅಲ್ಲಲ್ಲಿ ಮುಷ್ಟಿ ಗಾತ್ರದ ಬಿಳಿ ಕಲ್ಲುಗಳು. ಹೆಸರಿಲ್ಲ, ಇಸವಿ ಇಲ್ಲ. ಇಂಥ ಜಾಗಕ್ಕೆ ಕಿಲ್ಲೀನ್ ಅನ್ನುತ್ತಾರೆ. ಜ್ಞಾನಸ್ನಾನ ಆಗುವ ಮುಂಚೆ ಸತ್ತ ಮಕ್ಕಳಿಗೆ ಚರ್ಚಿನ ಸ್ಮಶಾನದಲ್ಲಿ ಜಾಗ ಕೊಡುತ್ತಿರಲಿಲ್ಲ. ಅವನ್ನು ಹೀಗೆ ಊರಂಚಿನಲ್ಲಿ, ಹಳೆಯ ಕೋಟೆ ದಿಬ್ಬಗಳಲ್ಲಿ, ಸಮುದ್ರದ ದಂಡೆಯಲ್ಲಿ ಮಣ್ಣು ಮಾಡುತ್ತಿದ್ದರು. ಹೆಚ್ಚಾಗಿ ರಾತ್ರಿ ಹೊತ್ತು. ಅಜ್ಜಿಗೆ ಆಗ ಆರು ವರ್ಷ. ತಮ್ಮ ಹುಟ್ಟುವಾಗಲೇ ಉಸಿರಿರಲಿಲ್ಲ. ಅಪ್ಪ ಒಂದು ಕೈಯಲ್ಲಿ ಲಾಟೀನು, ಕಂಕುಳಲ್ಲಿ ಮರದ ಪೆಟ್ಟಿಗೆ ಹಿಡಿದು ಹಿತ್ತಲ ಬಾಗಿಲಿನಿಂದ ಹೋದದ್ದು ಅವರಿಗೆ ನೆನಪಿದೆ. ಅಮ್ಮ ಹಾಸಿಗೆಯಲ್ಲಿದ್ದರು. ವಾಪಸು ಬಂದು ಅಪ್ಪ ಬಹಳ ಹೊತ್ತು ಕೈ ತೊಳೆದರಂತೆ. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ.

ಆ ಮಕ್ಕಳಿಗೂ ದೇವರ ಹತ್ತಿರ ಜಾಗ ಇದೆ ಅಂತ ಆಶಿಸುವುದಕ್ಕೆ ಗಟ್ಟಿ ಕಾರಣಗಳಿವೆ ಎಂದು ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ ಬರೆದದ್ದು 2007ರಲ್ಲಿ. ಅಷ್ಟು ಹೊತ್ತಿಗೆ ಅಜ್ಜಿಯ ಅಮ್ಮ ತೀರಿಕೊಂಡು ಎಷ್ಟೋ ವರ್ಷ ಆಗಿತ್ತು. ಈಚೆಗೆ ಐರ್ಲೆಂಡಿನ ಎಷ್ಟೋ ಕಡೆ ಪಾದ್ರಿಗಳೇ ಹೋಗಿ ಇಂಥ ಜಾಗಗಳನ್ನು ಆಶೀರ್ವದಿಸಿದ್ದಾರೆ. ಈ ದಿಬ್ಬಕ್ಕೂ ಬಂದಿದ್ದರಂತೆ. ಅಜ್ಜಿಗೆ ತಮ್ಮನ ಕಲ್ಲು ಯಾವುದು ಅಂತ ಗೊತ್ತಿಲ್ಲ. ಅದಕ್ಕೆ ಅಲ್ಲಿರುವ ಎಲ್ಲ ಕಲ್ಲುಗಳ ಸುತ್ತಲೂ ಹುಲ್ಲು ಕಿತ್ತರು. ನಾನೂ ಕಿತ್ತೆ. ಒಂದು ಚಿಕ್ಕ ಬಿಳಿ ಕಲ್ಲು ನನ್ನ ಅಂಗೈ ತಾಗಿದಾಗ ಮಾತೇ ಬರಲಿಲ್ಲ. ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು.

ನಮ್ಮಪ್ಪ ತೀರಿಕೊಂಡಾಗ ನನಗೆ ಊರಿಗೆ ಹೋಗಲು ಆಗಲಿಲ್ಲ. ಫೋನಿನಲ್ಲೇ ಎಲ್ಲ ನೋಡಿದೆ. ಆ ಕೊರಗು ಇನ್ನೂ ಇದೆ. ಪಿತೃಪಕ್ಷದಲ್ಲಿ ಅಮ್ಮ ಎಡೆ ಇಡುತ್ತಾರೆ. ಹೊಸ ಪಂಚೆ, ಅಪ್ಪನಿಗೆ ಇಷ್ಟವಾದ ಅಡುಗೆ, ಸಾಂಬ್ರಾಣಿ ಹೊಗೆ. ಎಡೆ ಇಟ್ಟು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತಾರೆ, ಹಿರಿಯರು ಬಂದು ಉಣ್ಣಲಿ ಅಂತ. ಇಲ್ಲಿ ನವೆಂಬರ್ 2, ಸಕಲ ಮೃತರ ರಾತ್ರಿ. ಹಳೆಯ ಕಾಲದವರು ಒಲೆಯ ಮುಂದೆ ಗುಡಿಸಿ, ಬೆಂಕಿ ಆರದ ಹಾಗೆ ಮಾಡಿ, ಅದರ ಸುತ್ತ ಕುರ್ಚಿ ಹಾಕಿ, ಒಂದು ಬಟ್ಟಲಲ್ಲಿ ನೀರಿಟ್ಟು, ಬಾಗಿಲಿಗೆ ಅಗಳಿ ಹಾಕದೆ ಮಲಗುತ್ತಿದ್ದರು. ಅಜ್ಜಿ ಈಗಲೂ ಹಾಗೇ ಮಾಡುತ್ತಾರೆ. ಇದನ್ನು ಮೊದಲ ಸಲ ಕೇಳಿದ ರಾತ್ರಿ ನಾನು ಮನೆಗೆ ಬಂದು ಅತ್ತುಬಿಟ್ಟೆ. ಅಪ್ಪ ಬರುವುದಾದರೆ ಇಷ್ಟು ದೂರ ಬರುತ್ತಾರಾ, ಬಂದರೆ ಯಾವ ಮನೆಗೆ ಬರಬೇಕು ಅಂತ ಅವರಿಗೆ ಗೊತ್ತಾಗುತ್ತದಾ ಅನ್ನಿಸಿತು.

ಹೋದ ವರ್ಷ ಲಕೋಟೆ ತುಂಬುವ ಸಂಜೆ ಅಜ್ಜಿ ಕೊನೆಯ ಹೆಸರು ಬರೆದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಕೆಳಗೆ ಮೂರು ಗೆರೆ ಖಾಲಿ ಇದ್ದವು.

'ನಿಮ್ಮವರನ್ನೂ ಬರಿ, ಅ ಸ್ತೋರ್' ಅಂದರು.

'ನಮ್ಮದು ಬೇರೆ ದೇವರು, ಅಜ್ಜಿ' ಅಂದೆ.

'ಗೆರೆ ಉಳಿದಿದೆಯಲ್ಲ' ಅಂದರು. ಅಷ್ಟೇ.

ಅಪ್ಪನ ಹೆಸರು ಬರೆದೆ, ಕನ್ನಡದಲ್ಲೇ. ಅಜ್ಜನ ಹೆಸರು ಬರೆದೆ. ಮೂರನೆಯದು ಅಪ್ಪನನ್ನು ಸಾಕಿದ ಮುತ್ತಜ್ಜಿಗೆ ಅಂದುಕೊಂಡೆ. ಪೆನ್ನು ಹಿಡಿದೇ ಇದ್ದೇನೆ, ಹೆಸರು ಗೊತ್ತಿಲ್ಲ! ಅವರನ್ನು ಎಲ್ಲರೂ ದೊಡ್ಡವ್ವ ಅನ್ನುತ್ತಿದ್ದರು. ನಮ್ಮ ಮನೆಯ ಎಡೆಯಲ್ಲಿ ಅವರಿಗೆ ಒಂದು ಎಲೆ ಇರುತ್ತದೆ, ಒಂದು ಸೀರೆ ಇರುತ್ತದೆ. ಹೆಸರು ಮಾತ್ರ ಯಾವತ್ತೂ ಕೇಳಿಕೊಂಡಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಸರಿರಾತ್ರಿ. ಅಮ್ಮನಿಗೂ ಗೊತ್ತಿರಲಿಲ್ಲ. 'ನಿಮ್ಮ ಸೋದರತ್ತೇನ ಕೇಳ್ತೀನಿ, ಬೆಳಿಗ್ಗೆ ಆಗ್ಲಿ' ಅಂದರು. ಅತ್ತೆಗೂ ಗೊತ್ತಿಲ್ಲ. ಅತ್ತೆ ಊರಿನಲ್ಲಿ ಒಬ್ಬರು ವಯಸ್ಸಾದವರನ್ನು ಕೇಳಿಸಿದರು. ಮೂರು ದಿನ ಆದ ಮೇಲೆ ಅಮ್ಮನಿಂದ ಫೋನ್ ಬಂತು. ಹೆಸರು ಹೇಳುವಾಗ ಅಮ್ಮನ ದನಿ ನಡುಗುತ್ತಿತ್ತು. 'ಎಷ್ಟು ಚೆನ್ನಾಗಿದೆ ನೋಡು ಹೆಸರು' ಅಂದರು.

ಅಜ್ಜಿ ಅಲ್ಲಿಯ ತನಕ ಲಕೋಟೆ ಅಂಟಿಸಿರಲಿಲ್ಲ. ನಾನು ಬರೆದದ್ದನ್ನು ಬೆರಳಿನಿಂದ ಮುಟ್ಟಿ, 'ಇದನ್ನು ಹೇಗೆ ಹೇಳುವುದು?' ಅಂತ ಕೇಳಿದರು. ಹೇಳಿಕೊಟ್ಟೆ. ನಾಲಿಗೆ ತಿರುಗಲಿಲ್ಲ. ಮತ್ತೆ ಹೇಳಿದರು. ನಾಲ್ಕನೆಯ ಸಲಕ್ಕೆ ಸರಿಯಾಗಿ ಬಂತು. ಆಮೇಲೆ ಲಕೋಟೆ ಅಂಟಿಸಿದರು.

ನವೆಂಬರ್ 2ರ ರಾತ್ರಿ ಅವರ ಅಡುಗೆಮನೆಯ ಕಿಟಕಿಯಲ್ಲಿ ಮೇಣದಬತ್ತಿ ಹಚ್ಚಿದ್ದೆವು. ಹೊರಗೆ ಗಾಳಿ, ಮಳೆ. ಒಲೆಯ ಸುತ್ತ ಕುರ್ಚಿಗಳು. ಅಜ್ಜಿ ಜಪಸರ ಹಿಡಿದು ಹೆಸರುಗಳನ್ನು ಹೇಳುತ್ತಾ ಹೋದರು. ಅಪ್ಪ, ಅಮ್ಮ, ಬಾಸ್ಟನ್ನಿನವನು, ದೋಣಿಯವನು, ಹಡಗಿನವರು, ಮಗು. ಆಮೇಲೆ ನಮ್ಮಪ್ಪ, ನಮ್ಮಜ್ಜ. ಕೊನೆಗೆ ಒಂದು ಗಳಿಗೆ ನಿಲ್ಲಿಸಿ, ಉಸಿರು ತೆಗೆದುಕೊಂಡು, ನಮ್ಮ ದೊಡ್ಡವ್ವನ ಹೆಸರನ್ನು ತಪ್ಪಿಲ್ಲದೆ ಹೇಳಿದರು. ನಾನು ಎದ್ದು ಹೋಗಿ ಬಾಗಿಲ ಅಗಳಿ ತೆಗೆದು ಬಂದೆ.