ಹೆಸರು ಬೇಡ ಅಂದವರ ಐವತ್ತು ಸಾವಿರ

2024ರ ಮಾರ್ಚ್. ಮಂಡ್ಯದ ಹತ್ತಿರ ನಮ್ಮೂರಲ್ಲಿ ಮಾರಮ್ಮನ ಹಬ್ಬ. ಚಂದಾ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ನೂರೊಂದು ಕೊಟ್ಟವರ ಹೆಸರನ್ನೂ ಮೈಕಿನಲ್ಲಿ ಕೂಗಬೇಕು. ಒಂದು ಹೆಸರು ಬಿಟ್ಟುಹೋದರೆ ಮುಗೀತು, ಮುಂದಿನ ಹಬ್ಬದವರೆಗೂ ಆ ಮನೆಯವರು ಮಾತಾಡಿಸಲ್ಲ.

ಒಂದು ಸಂಜೆ ದೊಡ್ಡಪ್ಪ ಅರಳಿಕಟ್ಟೆಗೆ ಬಂದು ಟವಲ್ ಬಿಚ್ಚಿದರು. ಒಳಗೆ ಐನೂರರ ನೋಟಿನ ಕಟ್ಟು. 'ಐವತ್ತು ಸಾವಿರ ಅದೆ, ಬರ್ಕೊಳ್ಳಪ್ಪ. ಹೆಸ್ರು ಬೇಡ, ಗುಪ್ತ ಕಾಣಿಕೆ ಅಂತ ಹಾಕು' ಅಂದರು.

ಬೇರೆ ವರ್ಷ ಆಗಿದ್ದರೆ ಸುಮ್ನೆ ಬರೆದುಬಿಡುತ್ತಿದ್ದೆ. ಆದರೆ ಚುನಾವಣಾ ಬಾಂಡ್, ಅಂದರೆ ಹೆಸರು ಹೊರಬೀಳದ ಹಾಗೆ ಪಕ್ಷಗಳಿಗೆ ದುಡ್ಡು ಕೊಡಲು ಬ್ಯಾಂಕಿನಲ್ಲಿ ಕೊಳ್ಳುತ್ತಿದ್ದ ಪತ್ರ, ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಫೆಬ್ರವರಿ 15ರಂದು ಹೇಳಿತ್ತು. ಮಾರ್ಚ್ 14ಕ್ಕೆ ಚುನಾವಣಾ ಆಯೋಗ ಎರಡು ಪಟ್ಟಿ ಹಾಕಿತ್ತು. ಒಂದರಲ್ಲಿ ಬಾಂಡ್ ಕೊಂಡವರು, ಇನ್ನೊಂದರಲ್ಲಿ ಅದನ್ನು ನಗದು ಮಾಡಿಸಿಕೊಂಡ ಪಕ್ಷಗಳು. ಯಾರದ್ದು ಯಾರಿಗೆ ಹೋಯಿತು ಅನ್ನೋದೇ ಇಲ್ಲ. ಹರಿದ ಅರ್ಧ ರಶೀದಿ ಹಿಡಿದು ಲೆಕ್ಕ ನೋಡಿದ ಹಾಗೆ.

'ಯಾರು ಕೊಟ್ಟಿದ್ದು ದೊಡ್ಡಪ್ಪ?' ಅಂದೆ.

'ಹುಂಡಿಗೆ ಹಾಕೋರ ಹೆಸ್ರು ಕೇಳೀಯಾ ನೀನು?'

ಪಕ್ಕದಲ್ಲಿ ರಶೀದಿ ಹರಿಯುತ್ತಿದ್ದ ಹುಡುಗ ತಲೆ ಎತ್ತದೇ ಹೇಳಿದ: 'ಮಾರಮ್ಮ ಯಾರ್ಗೂ ಟೆಂಡರ್ ಕೊಡಕಿಲ್ಲ, ತಾತ.'

ಕಟ್ಟೆ ಮೇಲಿದ್ದವರೆಲ್ಲ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. 'ಹೆಸ್ರು ಗೊತ್ತಾದ್ರೆ, ಗೆದ್ದ ಪಕ್ಷದೋರು ತಮಗೆ ಕೊಡದೇ ಇದ್ದೋರ ಮೇಲೆ ಹಗೆ ಸಾಧಿಸಲ್ವೇನಯ್ಯ?' ಅಂದರು. ಬಾಂಡ್ ತಂದವರು ಹೇಳಿದ್ದೂ ಅದನ್ನೇ, ತೀರಾ ತಳ್ಳಿಹಾಕುವ ಮಾತಲ್ಲ. ಆದರೆ ಬಾಂಡ್ ಮಾರಿದ್ದು ಸರ್ಕಾರದ್ದೇ ಸ್ಟೇಟ್ ಬ್ಯಾಂಕು. ಕೊಂಡವರ ವಿವರ ಪೂರ್ತಿ ಅಲ್ಲಿತ್ತು. ಗುಟ್ಟು ಅಂತ ಇದ್ದದ್ದು ವೋಟು ಹಾಕುವ ನಮಗೆ ಮಾತ್ರ ಅಲ್ವಾ?

ಬಾಂಡ್ ಹೋದ ಮೇಲೂ ಎಲ್ಲ ಸರಿಹೋಗಿಲ್ಲ ಅನ್ನಿ. ಒಬ್ಬರು ವರ್ಷಕ್ಕೆ 20,000 ರೂಪಾಯಿಗಿಂತ ಜಾಸ್ತಿ ಕೊಟ್ಟರೆ ಮಾತ್ರ ಪಕ್ಷ ಅವರ ಹೆಸರನ್ನು ಆಯೋಗಕ್ಕೆ ತಿಳಿಸಬೇಕು. ನಮ್ಮ ಮಾರಮ್ಮನಿಗೆ ಇಪ್ಪತ್ತು ರೂಪಾಯಿಗೂ ರಶೀದಿ ಉಂಟು.

ಇಷ್ಟೆಲ್ಲ ಯೋಚಿಸಿದ ನಾನು ಕೊನೆಗೆ ಏನು ಮಾಡಿದೆ? ದೊಡ್ಡಪ್ಪನ ಮುಖ ನೋಡಿಕೊಂಡು 'ಗುಪ್ತ ಕಾಣಿಕೆ' ಅಂತಲೇ ಬರೆದೆ. ಪೆಂಡಾಲಿನವನಿಗೆ ಅಡ್ವಾನ್ಸ್ ಬೇರೆ ಕೊಡಬೇಕಿತ್ತು.

21ಕ್ಕೆ ಬಾಂಡುಗಳ ನಂಬರೂ ಹೊರಬಂತು. ಯಾರದ್ದು ಯಾರಿಗೆ ಅಂತ ಜೋಡಿಸಿ ನೋಡಬಹುದಾಯಿತು. ಮರುದಿನ ಶುಕ್ರವಾರ ನಮ್ಮ ಹಬ್ಬ. ರಾತ್ರಿ ಮೈಕಿನಲ್ಲಿ ಹೆಸರುಗಳು ಒಂದೊಂದಾಗಿ ಬಂದವು. ಇನ್ನೂರ ಒಂದು, ಐನೂರ ಒಂದು, ಒಂದು ಮೂಟೆ ಅಕ್ಕಿ. ಆಮೇಲೆ 'ಗುಪ್ತ ಕಾಣಿಕೆ, ಐವತ್ತು ಸಾವಿರ!'

ಯಾರೂ ಏನೂ ಅನ್ನಲಿಲ್ಲ. ಜನರ ತಲೆಗಳೆಲ್ಲ ಮೆಲ್ಲಗೆ ಒಂದೇ ಕಡೆ ತಿರುಗಿದವು. ಕೆರೆ ಏರಿ ರಸ್ತೆ ಕೆಲಸ ಹಿಡಿದಿದ್ದ ಕಂಟ್ರಾಕ್ಟರು ಅಂಗಡಿ ಮುಂದೆ ನಿಂತು ಕಡ್ಲೆಪುರಿ ಕಟ್ಟಿಸಿಕೊಳ್ಳುತ್ತಿದ್ದರು.