ಮೂವತ್ತೊಂದು ಫ್ರೇಮು

"ಅಪ್ಪಾ, ನಾನು ಸರಿಯಾಗೇ ಒತ್ತಿದೆ. ಬ್ಯಾಟೇ ಲೇಟಾಗಿ ಬಂತು."

ಮಗ ಈ ಮಾತು ಹೇಳಲು ಶುರುಮಾಡಿ ಆರು ತಿಂಗಳಾಗಿತ್ತು. ಹನ್ನೊಂದು ವರ್ಷದ ಹುಡುಗ. ಟಿವಿಗೆ ಜೋಡಿಸಿ ಆಡುವ ಪಿಎಸ್ 5 ಎಂಬ ಗೇಮ್ ಯಂತ್ರದಲ್ಲಿ ಕ್ರಿಕೆಟ್ ಆಡುವಾಗ ಸ್ಪಿನ್ನರ್‌ಗಳನ್ನು ಆರಾಮಾಗಿ ಎದುರಿಸುತ್ತಿದ್ದ. ವೇಗದ ಬೌಲರ್ ಬಂದನೆಂದರೆ ಮಾತ್ರ ಒಂದೋ ಬೀಟ್, ಇಲ್ಲವೇ ಬೌಲ್ಡ್. ನನ್ನದು ಪ್ರತಿ ಸಲವೂ ಒಂದೇ ಉತ್ತರ: "ಟಿವಿ ಮೇಲೆ ತಪ್ಪು ಹಾಕಬೇಡ. ಚೆಂಡು ನೋಡು, ಟೈಮಿಂಗ್ ಕಲಿ." ಒಂದು ದಿನವಂತೂ ಸ್ವಲ್ಪ ಗಡುಸಾಗಿಯೇ ಹೇಳಿದ್ದೆ. ಅವನು ಕಂಟ್ರೋಲರನ್ನು ಸೋಫಾ ಮೇಲಿಟ್ಟು ಮಾತಾಡದೆ ಎದ್ದು ಹೋಗಿದ್ದ.

2025ರ ದಸರಾ ರಜೆಯಲ್ಲಿ ಅವನು ನಮ್ಮ ಬೀದಿಯ ಗೆಳೆಯನ ಮನೆಗೆ ಹೋಗಿ ಅದೇ ಆಟ ಆಡಿ ಬಂದ. ಅವರ ಮನೆಯಲ್ಲಿ ಆಟಕ್ಕೆಂದೇ ಒಂದು ಮಾನಿಟರ್ ಇದೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, "ಅಲ್ಲಿ ನಲವತ್ತೆರಡು ಹೊಡೆದೆ ಅಪ್ಪಾ. ಫಾಸ್ಟ್ ಬೌಲರ್‌ಗೇ ಮೂರು ಫೋರು" ಅಂದ. ಸಾಕ್ಷಿ ಹೇಳುವವರ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದ.

ಅವತ್ತೇ ತೀರ್ಮಾನಿಸಿದೆ, ಪರದೆ ಬದಲಾಯಿಸಬೇಕು ಎಂದು. ನಮ್ಮದು 2019ರಲ್ಲಿ ಕೊಂಡ 43 ಇಂಚಿನ ಫೋರ್‌ಕೆ ಟಿವಿ, 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಚಿತ್ರ ತೋರಿಸುವಂಥದ್ದು. ಆ ಹೊತ್ತಿಗೆ ಎಲ್ಲೆಲ್ಲೂ ಜಿಎಸ್‌ಟಿ ಇಳಿಕೆಯ ಸುದ್ದಿ. ಸೆಪ್ಟೆಂಬರ್ 22ರಿಂದ, ಅಂದರೆ ನವರಾತ್ರಿ ಶುರುವಾದ ದಿನದಿಂದಲೇ, 32 ಇಂಚಿಗಿಂತ ದೊಡ್ಡ ಟಿವಿಗಳ ತೆರಿಗೆ ಶೇ. 28ರಿಂದ 18ಕ್ಕೆ ಇಳಿದಿತ್ತು. ತೆರಿಗೆ ಬಿಟ್ಟು ಐವತ್ತು ಸಾವಿರದ ಟಿವಿ ಮೊದಲು 64,000 ಆಗುತ್ತಿದ್ದದ್ದು ಈಗ 59,000. ಇನ್ನೇನು ಬೇಕು ಎನಿಸಿತು. 27 ಇಂಚಿನ ಮಾನಿಟರ್ ಕೊಳ್ಳುವವರಿಗೆ ಮಾತ್ರ ಇದರಿಂದ ಏನೂ ಉಳಿಯುವುದಿಲ್ಲ. ಆ ಅಳತೆಯವುಗಳಿಗೆ ಆಗಲೇ ಶೇ. 18 ಇತ್ತು.

ಶನಿವಾರ ಮನೆಯವರೆಲ್ಲ ಶೋರೂಮಿಗೆ ಹೋದೆವು. ಗೋಡೆ ತುಂಬ ಟಿವಿಗಳು, ಎಲ್ಲದರಲ್ಲೂ ಅದೇ ಗಿಣಿ, ಅದೇ ಹೂವಿನ ದಳದಿಂದ ಜಾರುವ ನೀರಿನ ಹನಿ. ಸೇಲ್ಸ್ ಹುಡುಗ 55 ಇಂಚಿನದೊಂದನ್ನು ತೋರಿಸಿ, "ಗೇಮಿಂಗ್‌ಗೆ ಇದೇ ತಗೊಳ್ಳಿ ಸರ್, ಮೋಷನ್ ರೇಟ್ 240" ಅಂದ. ಪ್ಯಾನೆಲ್ ಎಷ್ಟು ಹರ್ಟ್ಸ್ ಎಂದು ಕೇಳಿದೆ. ಮೊಬೈಲಿನಲ್ಲಿ ಹುಡುಕಿ ನೋಡಿ, "60 ಸರ್" ಅಂದ. ಆ 240 ಎನ್ನುವುದು ಟಿವಿ ತಾನೇ ನಡುನಡುವೆ ಚಿತ್ರ ಸೃಷ್ಟಿಸಿ ತುಂಬುವ ಲೆಕ್ಕ, ಪ್ಯಾನೆಲ್ಲಿನ ವೇಗವಲ್ಲ. ಇಂಥದ್ದನ್ನು ರಟ್ಟಿನ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಸಾಲ ಮಾಡಿ ಟಿವಿ ಕೊಳ್ಳುವ ಮನೆಗಳೂ ಇವೆ. ನಿಜವಾಗಿ 120 ಹರ್ಟ್ಸ್ ಇದ್ದ ಟಿವಿಯ ಬೆಲೆ ಎಂಬತ್ತು ಸಾವಿರದ ಹತ್ತಿರ ಹೋಯಿತು.

"ರೀ, ನಮ್ಮ ಹಾಲಲ್ಲಿ ಸೋಫಾದಿಂದ ಗೋಡೆಗೆ ಎಷ್ಟಿದೆ ಅಂತ ಗೊತ್ತಾ?" ಎಂದಳು ಹೆಂಡತಿ. ಗೊತ್ತಿರಲಿಲ್ಲ. ಮನೆಗೆ ಬಂದು ಟೇಪು ಹಿಡಿದೆ: ಒಂಬತ್ತು ಅಡಿ. ಡಾಕ್ಟರು 6/6 ಎನ್ನುವ ಕಣ್ಣು ಅಷ್ಟು ದೂರದಿಂದ ಸುಮಾರು 0.8 ಮಿಲಿಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಬಿಡಿಸಿ ಕಾಣಲಾರದು. ನಮ್ಮ 43 ಇಂಚಿನ ಟಿವಿಯ ಒಂದೊಂದು ಚುಕ್ಕೆ ಕಾಲು ಮಿಲಿಮೀಟರ್, 55 ಇಂಚಿನದಾದರೆ 0.32. ಸೋಫಾದಲ್ಲಿ ಕೂತವರಿಗೆ ಎರಡರ ಚುಕ್ಕೆಗಳೂ ಕಾಣುವುದಿಲ್ಲ. ದೊಡ್ಡ ಪರದೆಯಲ್ಲಿ ಆಟಗಾರ ದೊಡ್ಡದಾಗಿ ಕಾಣುತ್ತಾನೆ, ಅದರ ಸುಖ ಬೇರೆ. ಮಗನ ಬ್ಯಾಟಿಗೆ ಅದರಿಂದ ಏನು ಸಹಾಯ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಹಾಗಾದರೆ ಮಾನಿಟರೇ ಸರಿ ಎಂದುಕೊಂಡು ಸೋಮವಾರ ಅರ್ಧ ದಿನ ರಜೆ ಹಾಕಿ ಮಗನ ಜೊತೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಾದ ಎಸ್‌ಪಿ ರೋಡಿಗೆ ಹೊರಟೆ. ಹನುಮಂತನಗರದಿಂದ ನ್ಯಾಷನಲ್ ಕಾಲೇಜಿಗೆ ಆಟೋ, ಅಲ್ಲಿಂದ ಮೆಟ್ರೋ, ಚಿಕ್ಕಪೇಟೆಯಲ್ಲಿ ಇಳಿದರೆ ಮುಂದೆಲ್ಲ ನಡಿಗೆ. ಕೇಬಲ್ಲುಗಳ ಗೊಂಚಲು, ಕೈಗಾಡಿ ತುಂಬ ರಟ್ಟಿನ ಪೆಟ್ಟಿಗೆ, ಅವುಗಳ ನಡುವೆ ಹಾರ್ನ್ ಒತ್ತುವ ಸ್ಕೂಟರುಗಳು. ಮಗ ನನ್ನ ಅಂಗಿ ಹಿಡಿದುಕೊಂಡೇ ನಡೆದ.

ಮೊದಲ ಮಹಡಿಯ ಅಂಗಡಿಯೊಂದರಲ್ಲಿ 27 ಇಂಚಿನ ಮಾನಿಟರ್ ತೋರಿಸಿದರು. 1440ಪಿ (ಮೇಲಿಂದ ಕೆಳಕ್ಕೆ 1440 ಸಾಲು ಚುಕ್ಕೆ), 165 ಹರ್ಟ್ಸ್, ಹದಿನೆಂಟು ಸಾವಿರ. ಕೌಂಟರಿನ ಹುಡುಗ ಮೊದಲು ಕೇಳಿದ್ದೇ, "ಪಿಸಿಗಾ ಸರ್, ಪಿಎಸ್ 5ಕ್ಕಾ?" ಎಂದು. ಆ 165 ಬರುವುದು ಡಿಸ್‌ಪ್ಲೇಪೋರ್ಟ್ ತಂತಿಯಲ್ಲಿ ಮಾತ್ರ. ಪಿಎಸ್ 5ಕ್ಕೆ ಅದು ಇಲ್ಲ, ಎಚ್‌ಡಿಎಂಐ ಒಂದೇ. ಹೆಚ್ಚೆಂದರೆ 120 ಸಿಗುತ್ತದೆ, ಅದೂ 120ಕ್ಕೆಂದು ಮಾಡಿದ ಆಟಗಳಲ್ಲಿ. ಆಟವೇ 60ರಲ್ಲಿ ಓಡುತ್ತಿದ್ದರೆ ಪರದೆ ಅದೇ ಚಿತ್ರವನ್ನು ಎರಡೆರಡು ಸಲ ತೋರಿಸುತ್ತದೆ, ಅಷ್ಟೇ. ಪಿಎಸ್ 5 ಈ 1440ಪಿ ಅಳತೆಯನ್ನು ಒಪ್ಪಿಕೊಂಡದ್ದೇ 2022ರ ಸೆಪ್ಟೆಂಬರಿನಲ್ಲಿ ಬಂದ ಅಪ್‌ಡೇಟಿನಿಂದ. ಇದನ್ನೆಲ್ಲ ಅವನು ಒಂದು ಕೈಯಲ್ಲಿ ಬಿಲ್ಲು ಬರೆಯುತ್ತಾ ಹೇಳಿದ.

"ಲ್ಯಾಗ್, ಅಂದ್ರೆ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣೋದಕ್ಕೂ ನಡುವಿನ ತಡ, ಎಷ್ಟಿದೆ ಅಂತ ನೀವೇ ನೋಡಿ" ಎಂದು ಆಮೇಲೆ ಅವನು ಮಾಡಿ ತೋರಿಸಿದ್ದನ್ನು ನಾನು ಮರೆಯುವುದಿಲ್ಲ. ಅಂಗಡಿಯ ಪಿಎಸ್ 5ರ ಹೋಮ್ ಪರದೆ ತೆರೆದ. ತನ್ನ ಮೊಬೈಲಿನಲ್ಲಿ ಸ್ಲೋ ಮೋಷನ್ ಹಾಕಿ, ಮಗನ ಹೆಬ್ಬೆರಳೂ ಪರದೆಯೂ ಒಟ್ಟಿಗೆ ಕಾಣುವಂತೆ ಹಿಡಿದು, "ಬಲಗಡೆ ಬಟನ್ ಒತ್ತು ಪುಟ್ಟ" ಅಂದ. ಮೊಬೈಲು ಸೆಕೆಂಡಿಗೆ 240 ಚಿತ್ರ ತೆಗೆಯುತ್ತದೆ, ಅಂದರೆ ಒಂದು ಫ್ರೇಮಿಗೆ ನಾಲ್ಕು ಮಿಲಿಸೆಕೆಂಡಿಗಿಂತ ಒಂಚೂರು ಹೆಚ್ಚು. ಬೆರಳು ಬಟನ್ನಿಗೆ ತಾಗಿದ ಫ್ರೇಮಿನಿಂದ, ಪರದೆಯಲ್ಲಿ ಆಯ್ಕೆ ತೋರಿಸುವ ಚೌಕ ಪಕ್ಕಕ್ಕೆ ಸರಿದ ಫ್ರೇಮಿನವರೆಗೆ ಎಣಿಸಿದ. ಹದಿಮೂರು.

ದುಡ್ಡು ಕೊಡುವ ಮೊದಲು ಮನೆಯ ಟಿವಿಯನ್ನೂ ಒಮ್ಮೆ ಹೀಗೇ ಎಣಿಸಿ ನೋಡುತ್ತೇನೆ ಎಂದೆ. "ನೋಡಿ ಸರ್, ನಾಳೆ ಬನ್ನಿ" ಎಂದು ಅವನು ಮುಂದಿನ ಗಿರಾಕಿಯ ಕಡೆ ತಿರುಗಿದ.

ಸಂಜೆ ಅಮ್ಮನ ಸೀರಿಯಲ್ ಮುಗಿಯುವವರೆಗೆ ಕಾಯಬೇಕಾಯಿತು. ಒಂಬತ್ತು ಗಂಟೆಗೆ ಟೀಪಾಯಿ ಮೇಲೆ ಮಗನ ಪಠ್ಯಪುಸ್ತಕಗಳನ್ನು ಪೇರಿಸಿ, ಅವಕ್ಕೆ ಮೊಬೈಲು ಒರಗಿಸಿದೆ. ಮಗ ಒತ್ತಿದ, ನಾನು ವಿಡಿಯೋ ಹಿಡಿದೆ. ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಅವನೇ ಗೀಟು ಎಳೆಯುತ್ತಾ ಹೋದ. ನಾಲ್ಕು ಗೀಟು, ಅಡ್ಡಕ್ಕೊಂದು. ನಾಲ್ಕು ಗೀಟು, ಅಡ್ಡಕ್ಕೊಂದು. ಹದಿಮೂರು ದಾಟಿತು. ಇಪ್ಪತ್ತು ದಾಟಿತು. ಪರದೆಯಲ್ಲಿ ಚೌಕ ಇನ್ನೂ ಇದ್ದಲ್ಲೇ ಇತ್ತು. ಮಗ ಗೀಟು ಎಳೆಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದ. ಎಳಿ ಎಂದೆ. ಮೂವತ್ತೊಂದಕ್ಕೆ ಚೌಕ ಸರಿಯಿತು. ಹತ್ತು ಸಲ ಮಾಡಿದೆವು. ಒಮ್ಮೆ ಇಪ್ಪತ್ತೊಂಬತ್ತು, ಒಮ್ಮೆ ಮೂವತ್ತಮೂರು, ಸರಾಸರಿ ಅದೇ ಮೂವತ್ತೊಂದು. ಸುಮಾರು 130 ಮಿಲಿಸೆಕೆಂಡು.

ಆರು ತಿಂಗಳಿಂದ ಮಗು ಹೇಳುತ್ತಿದ್ದದ್ದು ಗೀಟುಗಳಾಗಿ ಎದುರಿಗೆ ಬಿದ್ದಿತ್ತು.

ಕಾರಣ ಹುಡುಕಲು ಟಿವಿಯ ಮೆನುವಿಗೆ ಹೋದೆ. ಟಿವಿ ಕೂರಿಸಲು ಬಂದವರು ಅವತ್ತು ಇಟ್ಟುಹೋದ 'ವಿವಿಡ್' ಮೋಡ್ ಆರು ವರ್ಷದಿಂದ ಹಾಗೇ ಇತ್ತು. ಆ ಮೋಡಿನಲ್ಲಿ ಟಿವಿ ಬಂದ ಚಿತ್ರವನ್ನು ಬಂದಹಾಗೆ ತೋರಿಸುವುದಿಲ್ಲ. ಬಣ್ಣ ಏರಿಸುತ್ತದೆ, ಅಂಚು ತಿದ್ದುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಚಲನೆ ನುಣುಪಾಗಿ ಕಾಣಲೆಂದು ಎರಡು ಚಿತ್ರಗಳ ನಡುವೆ ತನ್ನದೊಂದು ಚಿತ್ರ ಸೇರಿಸುತ್ತದೆ. ನಡುವಿನದನ್ನು ಮಾಡಬೇಕಾದರೆ ಮುಂದಿನ ಚಿತ್ರ ಕೈಗೆ ಬರುವವರೆಗೆ ಕಾಯಲೇಬೇಕು. ಸಿನಿಮಾಕ್ಕಾಗಲಿ ಸೀರಿಯಲ್ಲಿಗಾಗಲಿ ಈ ಕಾಯುವಿಕೆಯಿಂದ ನಷ್ಟವಿಲ್ಲ. ಮಾತೂ ಅಷ್ಟೇ ತಡವಾಗಿ ಬರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಬಟನ್ ಒತ್ತಿದವನಿಗೆ ಮಾತ್ರ ತಿಳಿಯುತ್ತದೆ. ಹೊಸ ಟಿವಿಗಳಲ್ಲಿ ಪಿಎಸ್ 5 ಆನ್ ಆದರೆ ಈ ತಿದ್ದುವ ಕೆಲಸಗಳನ್ನು ಬಿಡುವ ಗೇಮ್ ಮೋಡ್ ತಾನಾಗೇ ಬರುವ ವ್ಯವಸ್ಥೆ ಇದೆ. ನಮ್ಮದರಲ್ಲಿ ಅದಿಲ್ಲ, ಕೈಯಾರೆ ಹಾಕಬೇಕು.

ಹಾಕಿದೆ. ಇನ್ನೊಂದು ಕಡೆ ಎಚ್‌ಡಿಎಂಐಗೆ 'ಎನ್‌ಹಾನ್ಸ್ಡ್' ಎಂಬ ಆಯ್ಕೆಯೂ ಆಫ್ ಆಗಿತ್ತು, ಅದನ್ನೂ ಆನ್ ಮಾಡಿದೆ. ಪಿಎಸ್ 5ರ ವಿಡಿಯೋ ಔಟ್‌ಪುಟ್ ಮಾಹಿತಿಯ ಪುಟದಲ್ಲಿ ಅಲ್ಲಿಯವರೆಗೆ 'ವೈಯುವಿ 420' ಎಂದಿದ್ದದ್ದು 'ಆರ್‌ಜಿಬಿ' ಆಯಿತು. ಬಣ್ಣದ ವಿವರವನ್ನು ಕತ್ತರಿಸಿ ಕಳಿಸುವುದು ನಿಂತಿತು ಎಂದು ಅರ್ಥ. ಹತ್ತಿರ ಹೋಗಿ ನೋಡಿದರೆ ಕಪ್ಪು ಹಿನ್ನೆಲೆಯ ಕೆಂಪು ಅಕ್ಷರಗಳ ಸುತ್ತ ಇದ್ದ ಮಸುಕು ಹೋಗಿತ್ತು.

ಮತ್ತೆ ಎಣಿಸಿದೆವು. ಹದಿನೈದು. ಮತ್ತೊಮ್ಮೆ. ಹದಿನೈದು. ಹದಿನೆಂಟು ಸಾವಿರದ ಮಾನಿಟರಿಗೂ ನಮ್ಮ ಟಿವಿಗೂ ಉಳಿದ ವ್ಯತ್ಯಾಸ ಎರಡು ಫ್ರೇಮು, ಎಂಟು ಮಿಲಿಸೆಕೆಂಡು.

ಹದಿನಾರು ಫ್ರೇಮು ಕಡಿಮೆಯಾಯಿತು ಎಂದರೆ ಏನು ಎಂದು ಮಗನಿಗೆ ಲೆಕ್ಕ ಮಾಡಿ ತೋರಿಸಿದೆ. ಗಂಟೆಗೆ 140 ಕಿಲೋಮೀಟರಿನ ಚೆಂಡು ಸೆಕೆಂಡಿಗೆ ಸುಮಾರು 39 ಮೀಟರ್ ಹೋಗುತ್ತದೆ. ಹದಿನಾರು ಫ್ರೇಮಿನಲ್ಲಿ ಎರಡೂವರೆ ಮೀಟರಿಗಿಂತ ಹೆಚ್ಚು. ಸ್ಟಂಪಿನಿಂದ ಸ್ಟಂಪಿಗೆ ಇರುವುದೇ 20.12 ಮೀಟರ್. ಅವನು ಬ್ಯಾಟ್ ಬೀಸಿದಾಗಲೆಲ್ಲ ಚೆಂಡು ಅವನಿಗೆ ಕಾಣುತ್ತಿದ್ದ ಜಾಗಕ್ಕಿಂತ ಅಷ್ಟು ಮುಂದೆ ಬಂದುಬಿಟ್ಟಿರುತ್ತಿತ್ತು. ಸ್ಪಿನ್ನರ್‌ಗಳಿಗೆ ಆಡಲು ಆಗುತ್ತಿದ್ದದ್ದು ಯಾಕೆ ಎಂಬುದೂ ಆಗ ಅರ್ಥವಾಯಿತು. ನಿಧಾನದ ಚೆಂಡು ಅಷ್ಟೇ ಹೊತ್ತಿನಲ್ಲಿ ಅಷ್ಟು ದೂರ ಬರುವುದಿಲ್ಲ.

"ನೀನು ಹೇಳಿದ್ದು ಸರಿ ಇತ್ತು ಕಣೋ. ನಾನು ಕೇಳಿಸಿಕೊಳ್ಳಬೇಕಿತ್ತು" ಎಂದೆ. ಅವನು ತಲೆ ತಗ್ಗಿಸಿ ಹಾಳೆಯ ಮೇಲಿನ ಗೀಟುಗಳ ಮೇಲೆ ಪೆನ್ಸಿಲ್ ಆಡಿಸುತ್ತಾ, "ಪರವಾಗಿಲ್ಲ ಅಪ್ಪಾ, ನಿಂಗೂ ಗೊತ್ತಿರ್ಲಿಲ್ಲ ಅಲ್ವಾ" ಅಂದ. ಗೊತ್ತಿರಲಿಲ್ಲ, ನಿಜ. ಗೊತ್ತಿಲ್ಲದೆಯೇ ಅಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೆನಲ್ಲ, ಅದು ಈಗಲೂ ಚುಚ್ಚುತ್ತದೆ.

ರಾತ್ರಿ ಹತ್ತೂವರೆಯಾಗಿತ್ತು. ಒಂದೇ ಓವರ್ ಎಂದು ಅವನ ಅಮ್ಮ ಬಿಟ್ಟಳು. ಎರಡನೇ ಚೆಂಡಿಗೆ ಕವರ್ಸ್ ಕಡೆ ಫೋರು. ಅವನು ಕೂಗಲಿಲ್ಲ, ಅಜ್ಜಿ ಮಲಗಿದ್ದರು. ನನ್ನ ತೊಡೆಗೆ ಮೆಲ್ಲಗೆ ಗುದ್ದಿದ.

ಮರುದಿನ ನಾನು ಎಸ್‌ಪಿ ರೋಡಿಗೆ ಹೋಗಲಿಲ್ಲ. ಮಾನಿಟರ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಪಿಸಿಯಲ್ಲಿ ಶೂಟಿಂಗ್ ಆಟ ಆಡುವವರು, ಮೇಜಿನ ಮುಂದೆ ಎರಡಡಿ ದೂರದಲ್ಲಿ ಕೂರುವವರು ಕೊಳ್ಳಲಿ. 60 ಹರ್ಟ್ಸಿನಲ್ಲಿ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡು, 120ರಲ್ಲಿ 8.3, ಅವರಿಗೆ ಅದು ಕಣ್ಣಿಗೆ ಕಾಣುವ ವ್ಯತ್ಯಾಸ. ನಮ್ಮ ಟಿವಿಯಲ್ಲಿ ಕತ್ತಲೆಯ ದೃಶ್ಯ ಬಂದರೆ ಓಡುವವನ ಹಿಂದೆ ಕಪ್ಪು ಬಾಲ ಎಳೆದಂತೆ ಕಾಣುತ್ತದೆ, ಅದು ಪ್ಯಾನೆಲ್ಲಿನ ಗುಣ, ಯಾವ ಮೋಡಿನಿಂದಲೂ ಹೋಗುವುದಿಲ್ಲ. ಸಂಜೆ ಏಳರಿಂದ ಒಂಬತ್ತು ಅಮ್ಮನ ಹೊತ್ತು ಎನ್ನುವುದೂ ಬದಲಾಗಿಲ್ಲ. ಆದರೆ 27 ಇಂಚಿನದು ಬಂದರೆ ಒಂಬತ್ತು ಅಡಿಯಿಂದ ಸ್ಕೋರು ಓದಲಾಗದು, ಅದು ಮಗನ ಕೋಣೆಯ ಮೇಜಿಗೇ ಹೋಗಬೇಕು. ಅಲ್ಲಿ ಕುರ್ಚಿ ಒಂದೇ. ಅವನು ಇನ್ನೂ ನನ್ನ ಪಕ್ಕ ಕೂತು ಆಡುತ್ತೇನೆ ಅನ್ನುವ ವಯಸ್ಸಿನಲ್ಲಿದ್ದಾನೆ. ಈ ಟಿವಿ ಕೆಡುವವರೆಗೆ ಇದೇ ಇರಲಿ ಎಂದು ಮನೆಯಲ್ಲಿ ಎಲ್ಲರೂ ಒಪ್ಪಿದೆವು.

ಬುಧವಾರ ಆಯುಧಪೂಜೆ. ಅಮ್ಮ ಸ್ಕೂಟರಿಗೆ, ಹೊಲಿಗೆ ಮಷೀನಿಗೆ, ಮಿಕ್ಸಿಗೆ ಕುಂಕುಮವಿಟ್ಟು ಬರುತ್ತಿದ್ದರು. ಮಗ ಕಂಟ್ರೋಲರನ್ನು ತಟ್ಟೆಯಲ್ಲಿಟ್ಟು ತಂದ. ಟಿವಿಯ ಎಡ ಮೂಲೆಗೂ ಒಂದು ಸೇವಂತಿಗೆಯನ್ನು ಟೇಪಿನಿಂದ ಅಂಟಿಸಿದ. ಸಂಜೆ ಆಡಲು ಕೂತಾಗ ಹೂವು ಸರಿಯಾಗಿ ಸ್ಕೋರಿನ ಮೇಲೇ ಇತ್ತು.

"ಎಷ್ಟಾಯ್ತೋ?" ಎಂದೆ.

"ಕಾಣ್ತಿಲ್ಲ ಅಪ್ಪಾ. ಇವತ್ತು ಹೂವು ತೆಗೀಬಾರ್ದಂತೆ, ಅಜ್ಜಿ ಹೇಳಿದ್ರು" ಎಂದು ಮುಂದಿನ ಚೆಂಡಿಗೆ ಕಣ್ಣು ನೆಟ್ಟ.