ಪಕ್ಕದ ಮನೆಯವರನ್ನು ಏನಾದರೂ ಕೇಳಿ

ಹೊಸ ಬೀದಿಗೆ, ಹೊಸ ಅಪಾರ್ಟ್‌ಮೆಂಟಿಗೆ ಮನೆ ಬದಲಿಸಿದವರಿಗೆ ನಾನು ಹೇಳುವ ಮಾತು ಒಂದೇ. ಮೊದಲ ವಾರದಲ್ಲೇ ಪಕ್ಕದ ಮನೆ ಬಾಗಿಲು ತಟ್ಟಿ, ಏನಾದರೂ ಸಣ್ಣದನ್ನು ಕೇಳಿ. ಸ್ಕ್ರೂಡ್ರೈವರ್ ಕೇಳಿ. ಏಣಿ ಕೇಳಿ. ಒಳ್ಳೆ ಪ್ಲಂಬರ್ ನಂಬರ್ ಕೇಳಿ. ಕೊಡೋದಕ್ಕೆ ಆಮೇಲೆ ಹೋದರಾಯಿತು, ಮೊದಲು ಕೇಳೋದಕ್ಕೆ ಹೋಗಿ.

ನಗರದಲ್ಲಿ ಇದು ಉಲ್ಟಾ ನಡೆಯುತ್ತದೆ. ಏನಾದರೂ ಬೇಕಾದರೆ ಹೇಳಿ ಅಂತ ಎಲ್ಲರೂ ಎಲ್ಲರಿಗೂ ಹೇಳುತ್ತಾರೆ, ಆದರೆ ಯಾರೂ ಏನೂ ಕೇಳುವುದಿಲ್ಲ. ಇನ್ನೊಬ್ಬರಿಗೆ ತೊಂದರೆ ಕೊಡದೆ ಇರುವುದೇ ಒಳ್ಳೆಯತನ ಅಂದುಕೊಂಡು ಬೆಳೆದವರು ನಾವು, ಅಲ್ವಾ? ಹಾಗಾಗಿ ಒಂದೇ ಮಹಡಿಯಲ್ಲಿ ನಾಲ್ಕು ಮನೆ, ನಾಲ್ಕೂ ಮನೆಯಲ್ಲಿ ಸಹಾಯ ಮಾಡಲು ಮನಸ್ಸಿರುವ ಜನ, ಆದರೂ ಲಿಫ್ಟಿನಲ್ಲಿ ಎದುರಾದರೆ ಎಲ್ಲರ ಕಣ್ಣೂ ಮೊಬೈಲ್ ಮೇಲೆ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಈ ಜನ ಕೆಟ್ಟವರಲ್ಲ. ಮಾತು ಶುರು ಮಾಡಲು ಒಂದು ನೆಪ ಸಿಕ್ಕಿಲ್ಲ, ಅಷ್ಟೇ.

ಕೇಳಿದರೆ ಇಲ್ಲ ಅಂದಾರು ಅನ್ನೋ ಭಯ ಎಲ್ಲರಿಗೂ ಇರುತ್ತದೆ. ಈ ಭಯವನ್ನು ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಬಾನ್ಸ್ ಅನ್ನೋ ಇಬ್ಬರು ಸಂಶೋಧಕರು ಅಳೆದು ನೋಡಿ 2008ರಲ್ಲಿ ಬರೆದರು. ಗುರುತಿಲ್ಲದವರ ಹತ್ತಿರ ಹೋಗಿ ಐದು ಪ್ರಶ್ನಾವಳಿ ತುಂಬಿಸಿಕೊಂಡು ಬರಬೇಕು, ಅದಕ್ಕೆ ಎಷ್ಟು ಜನರನ್ನು ಕೇಳಬೇಕಾಗಬಹುದು ಅಂತ ಮೊದಲೇ ಊಹಿಸಿ ಹೇಳಬೇಕು. ಹೋಗುವವರು ಸರಾಸರಿ 20 ಜನ ಅಂದರು. ನಿಜವಾಗಿ ಹೋಗಿ ಕೇಳಿದಾಗ ಸುಮಾರು 10 ಜನರಲ್ಲೇ ಕೆಲಸ ಮುಗಿದಿತ್ತು. ಅಂದರೆ ಜನ ನಾವು ಅಂದುಕೊಂಡದ್ದಕ್ಕಿಂತ ಎಷ್ಟೋ ಸುಲಭವಾಗಿ ಹೂಂ ಅನ್ನುತ್ತಾರೆ. ಅದೂ ಗುರುತೇ ಇಲ್ಲದವರು! ಇನ್ನು ದಿನಾ ಮುಖ ನೋಡುವ ನೆರೆಯವರು ಇಲ್ಲ ಅನ್ನುತ್ತಾರಾ?

ನಮ್ಮ ಕಟ್ಟಡದಲ್ಲಿ ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೇಲಿನ ಮಹಡಿಯಲ್ಲಿ ವಯಸ್ಸಾದ ಆಂಟಿ ಒಬ್ಬರೇ ಇದ್ದಾರೆ. ಮಗಳ ಮನೆಗೆ ಹೋಗುವಾಗ ಒಂದು ಸಲ ಎದುರು ಮನೆಯವರಿಗೆ ಕೀ ಕೊಟ್ಟು, 'ಗಿಡಕ್ಕೆ ಸ್ವಲ್ಪ ನೀರು ಹಾಕ್ತೀಯೇನಮ್ಮಾ' ಅಂತ ಕೇಳಿದರು. ವಾಪಸ್ ಬಂದ ಮೇಲೆ 'ಕೀ ನಿನ್ನ ಹತ್ತಿರಾನೇ ಇರಲಿ ಬಿಡು' ಅಂದರು. ಆಮೇಲೆ ಒಂದು ದಿನ ಬೆಳಗ್ಗೆ ಆಂಟಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಎದ್ದು ಬಂದು ಬಾಗಿಲು ತೆಗೆಯುವ ಸ್ಥಿತಿ ಇರಲಿಲ್ಲ. ಪೇಪರ್ ಇನ್ನೂ ಬಾಗಿಲಲ್ಲೇ ಬಿದ್ದಿದ್ದನ್ನು ನೋಡಿ, ಎದುರು ಮನೆಯವರು ಬೆಲ್ ಒತ್ತಿ, ಕೂಗಿ, ಕೊನೆಗೆ ಅದೇ ಕೀಯಿಂದ ಬಾಗಿಲು ತೆಗೆದರು. ಗಿಡಕ್ಕೆ ನೀರು ಹಾಕಿ ಅಂತ ಅವರು ಅವತ್ತು ಕೇಳದೇ ಇದ್ದಿದ್ದರೆ ಆ ಕೀ ಅಲ್ಲಿ ಇರುತ್ತಲೇ ಇರಲಿಲ್ಲ. ಬೆಳಗ್ಗೆ ಎಷ್ಟು ಹೊತ್ತಿಗೆ ಆಂಟಿ ಪೇಪರ್ ಒಳಗೆ ತೆಗೆದುಕೊಳ್ಳುತ್ತಾರೆ ಅನ್ನುವುದೂ ಅವರಿಗೆ ಗೊತ್ತಿರುತ್ತಿರಲಿಲ್ಲ.

ಪರಿಚಯ ಜಾಸ್ತಿಯಾದರೆ ಮನೆ ವಿಷಯಕ್ಕೆಲ್ಲ ತಲೆ ಹಾಕುತ್ತಾರೆ ಅಂತ ಕೆಲವರು ಹೇಳುತ್ತಾರೆ. ಆ ಭಯ ಸುಳ್ಳಲ್ಲ. ಆದರೆ ಕೀ ಕೊಡುವುದಕ್ಕೂ ಮನೆಯ ಗುಟ್ಟು ಹೇಳುವುದಕ್ಕೂ ತುಂಬಾ ದೂರ ಇದೆ. ನಗರಗಳ ಬಗ್ಗೆ ಬರೆಯುತ್ತಿದ್ದ ಜೇನ್ ಜೇಕಬ್ಸ್ 1961ರಲ್ಲೇ ಇದನ್ನು ಗುರುತಿಸಿದ್ದರು. ನ್ಯೂಯಾರ್ಕಿನ ತಮ್ಮ ಬೀದಿಯ ಜನ ಮನೆಯ ಕೀಗಳನ್ನು ಅಂಗಡಿಯವರ ಹತ್ತಿರ ಬಿಟ್ಟು ಹೋಗುತ್ತಿದ್ದುದನ್ನು ಅವರು ಬರೆದಿದ್ದಾರೆ. ಆ ಅಂಗಡಿಯವರು ಯಾರ ಆಪ್ತ ಗೆಳೆಯರೂ ಅಲ್ಲ. ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಅಂತ ಕೇಳುವುದಿಲ್ಲ. ಕೇಳುವುದಿಲ್ಲ ಅನ್ನುವ ಕಾರಣಕ್ಕೇ ಅವರ ಮೇಲೆ ನಂಬಿಕೆ. ನೆರೆಯವರ ಸಂಬಂಧಕ್ಕೆ ಅದರದ್ದೇ ಒಂದು ಅಳತೆ ಇದೆ, ಅದು ಗೆಳೆತನದ ಅಳತೆ ಅಲ್ಲ. ಅಷ್ಟರಲ್ಲೇ ಇದ್ದರೂ ಅದು ಸಾಕಷ್ಟು ಗಟ್ಟಿ.

ಎಷ್ಟು ಗಟ್ಟಿ ಅಂತ ಗೊತ್ತಾಗುವುದು ಕಷ್ಟ ಬಂದಾಗ. 1995ರ ಜನವರಿ 17ರಂದು ಬೆಳಗಿನ ಜಾವ ಜಪಾನಿನ ಕೋಬೆ ಸುತ್ತಮುತ್ತ ದೊಡ್ಡ ಭೂಕಂಪವಾಯಿತು, 6,400ಕ್ಕೂ ಹೆಚ್ಚು ಜನ ತೀರಿಕೊಂಡರು. ಅವಶೇಷಗಳಡಿ ಸಿಕ್ಕಿ ಬದುಕಿ ಬಂದವರಲ್ಲಿ ಬಹುಪಾಲು ಜನರನ್ನು ಹೊರಗೆ ಎಳೆದದ್ದು ಮನೆಯವರು ಮತ್ತು ನೆರೆಹೊರೆಯವರು. ಅಗ್ನಿಶಾಮಕ ದಳ ಎಷ್ಟು ಕಡೆ ಅಂತ ಹೋಗುತ್ತದೆ? ಭೂಕಂಪದ ಕೇಂದ್ರಕ್ಕೆ ಹತ್ತಿರ, ಅವಾಜಿ ದ್ವೀಪದಲ್ಲಿ ಹೊಕುಡಾನ್ ಅನ್ನೋ ಸಣ್ಣ ಊರಿತ್ತು. ಅಲ್ಲಿ ಸುಮಾರು 300 ಜನ ಮಣ್ಣು, ಮರದ ತೊಲೆಗಳ ಅಡಿ ಸಿಕ್ಕಿಕೊಂಡಿದ್ದರು. ಯಾರ ಮನೆಯಲ್ಲಿ ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ ಅನ್ನುವುದು ಅಕ್ಕಪಕ್ಕದವರಿಗೆ ಗೊತ್ತಿತ್ತು. ಹಾಗಾಗಿ ಎಲ್ಲಿ ಅಗೆಯಬೇಕು ಅಂತ ಹುಡುಕಬೇಕಾಗಲಿಲ್ಲ. ಅದೇ ದಿನ ಅವರನ್ನೆಲ್ಲ ಹೊರಗೆ ತೆಗೆದರು. ಓದಿದಾಗಲೆಲ್ಲ ನನ್ನ ಮಹಡಿಯ ಬಾಗಿಲುಗಳನ್ನು ಮನಸ್ಸಿನಲ್ಲೇ ಎಣಿಸುತ್ತೇನೆ. ಆ ಬಾಗಿಲುಗಳ ಹಿಂದೆ ಯಾರಿದ್ದಾರೆ, ನಡೆಯಲು ಆಗದವರು ಯಾರು, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು ಯಾರು?

ಅದೇ ವರ್ಷದ ಜುಲೈನಲ್ಲಿ ಶಿಕಾಗೋದಲ್ಲಿ ಬಿಸಿಗಾಳಿ ಬೀಸಿತು. ಸುಮಾರು 739 ಜನ ತೀರಿಕೊಂಡರು. ಅವರಲ್ಲಿ ಬಹಳ ಜನ ಒಂಟಿಯಾಗಿದ್ದ ವಯಸ್ಸಾದವರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಅಲ್ಲಿನ ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಹೋಲಿಸಿ ನೋಡಿದರು. ಎರಡರಲ್ಲೂ ಬಡವರು, ಒಂಟಿ ವೃದ್ಧರು ಹೆಚ್ಚುಕಡಿಮೆ ಒಂದೇ ಲೆಕ್ಕದಲ್ಲಿ ಇದ್ದರು. ಆದರೂ ನಾರ್ತ್ ಲಾನ್‌ಡೇಲ್‌ನಲ್ಲಿ ಸತ್ತವರ ಪ್ರಮಾಣ ಲಕ್ಷಕ್ಕೆ 40, ಸೌತ್ ಲಾನ್‌ಡೇಲ್‌ನಲ್ಲಿ 4. ಅವರು ಕೊಡುವ ವಿವರಣೆ ಸರಳ. ಒಂದು ಕಡೆ ಅಂಗಡಿಗಳು ಮುಚ್ಚಿದ್ದವು, ಮನೆಗಳು ಖಾಲಿ ಬಿದ್ದಿದ್ದವು, ಹೊರಗೆ ಬರಲು ವಯಸ್ಸಾದವರಿಗೆ ಹೆದರಿಕೆ. ಇನ್ನೊಂದು ಕಡೆ ಬೀದಿ ತುಂಬ ಅಂಗಡಿ, ಓಡಾಡುವ ಜನ, ಹೋಗಿ ಸ್ವಲ್ಪ ಹೊತ್ತು ಕೂರಲು ಒಂದು ಜಾಗ. ಅಂದರೆ ಒಳ್ಳೆ ಮನಸ್ಸು ಒಂದಿದ್ದರೆ ಸಾಲದು, ಜನ ಎದುರಾಗುವ ಜಾಗವೂ ಬೇಕು.

ಜಾಗದ ಈ ಮಾತನ್ನು ನಾವು ಸುಮ್ನೆ ಬಿಟ್ಟುಬಿಡುತ್ತೇವೆ. ನಗರ ವಿನ್ಯಾಸ ಕಲಿಸುತ್ತಿದ್ದ ಡೊನಾಲ್ಡ್ ಆಪಲ್‌ಯಾರ್ಡ್ ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳಲ್ಲಿ ಮಾಡಿದ ಅಧ್ಯಯನ 1972ರಲ್ಲಿ ಪ್ರಕಟವಾಯಿತು. ದಿನಕ್ಕೆ ಸುಮಾರು 2,000 ಗಾಡಿ ಓಡುವ ಬೀದಿಯಲ್ಲಿ ಒಬ್ಬೊಬ್ಬರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂರು ಜನ ಗೆಳೆಯರು. 16,000 ಗಾಡಿ ಓಡುವ ಬೀದಿಯಲ್ಲಿ ಒಬ್ಬರಿಗಿಂತಲೂ ಕಡಿಮೆ. ಅಷ್ಟೊಂದು ಗಾಡಿಗಳ ನಡುವೆ ರಸ್ತೆ ದಾಟಿ ಮಾತಾಡಿಸುವವರು ಯಾರು? ಆದ್ದರಿಂದ ಬೀದಿಯಲ್ಲಿ ಗಾಡಿ ವೇಗ ಕಡಿಮೆ ಮಾಡಿ, ಒಂದು ಬೆಂಚ್ ಹಾಕಿ, ಮರ ಉಳಿಸಿ ಅಂತ ಅರ್ಜಿ ಹಿಡಿದು ಓಡಾಡುವವರನ್ನು ಕಂಡರೆ ನನಗೆ ತುಂಬಾ ಗೌರವ. ಅವರಿಗೆ ಸಹಿ ಹಾಕಿಕೊಡಿ.

ವಾಟ್ಸಾಪ್ ಗ್ರೂಪ್ ಇದೆಯಲ್ಲ ಅನ್ನಬಹುದು. ಇರಲಿ, ನೀರು ಬರಲ್ಲ, ಲಿಫ್ಟ್ ಕೆಟ್ಟಿದೆ ಅಂತ ತಿಳಿಸಲು ಅದು ಬೇಕು. ಆದರೆ ಅಲ್ಲಿ ನೂರು ಜನರನ್ನು ಒಟ್ಟಿಗೆ ಕೇಳಿದರೆ ಇನ್ಯಾರೋ ಮಾಡುತ್ತಾರೆ ಅಂತ ಎಲ್ಲರೂ ಸುಮ್ಮನಾಗುತ್ತಾರೆ. ಒಬ್ಬರ ಬಾಗಿಲಿಗೆ ಹೋಗಿ ಹೆಸರು ಹಿಡಿದು ಕೇಳುವುದೇ ಬೇರೆ.

ಇನ್ನೂ ಒಂದು ವಿಷಯ ಹೇಳಲೇಬೇಕು. ನೆರೆಹೊರೆ ಅಂದಾಗ ನಾವು ಮನೆಗಳನ್ನು ಮಾತ್ರ ಲೆಕ್ಕ ಹಾಕುತ್ತೇವೆ. ಬೀದಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಕೆಲಸ ಮಾಡುವವರು. ಬೆಳಗ್ಗೆ ಗುಡಿಸುವವರು, ಪೇಪರ್ ಹಾಕುವ ಹುಡುಗ, ಗೇಟಿನ ಸೆಕ್ಯೂರಿಟಿ, ಮೂಲೆಯ ಅಂಗಡಿಯವರು. ಯಾರ ಮನೆ ದೀಪ ಎರಡು ದಿನದಿಂದ ಹತ್ತಿಲ್ಲ ಅಂತ ಅವರಿಗೆ ಮೊದಲು ಗೊತ್ತಾಗುತ್ತದೆ. ಆದರೆ ಅವರು ನಮ್ಮ ಬಾಗಿಲು ತಟ್ಟಿ ಏನನ್ನೂ ಕೇಳಲಾರರು, ಕೇಳಿದರೆ ಕೆಲಸ ಹೋದೀತು ಅನ್ನೋ ಭಯ. ಇಡೀ ರಾತ್ರಿ ಗೇಟಲ್ಲಿ ನಿಲ್ಲುವ ಮನುಷ್ಯನಿಗೆ ಕೂರಲು ಒಂದು ಕುರ್ಚಿ, ಶೌಚಕ್ಕೆ ಹೋಗಲು ಒಂದು ಸರಿಯಾದ ಜಾಗ ಇದೆಯಾ ಅಂತ ಎಷ್ಟು ಕಟ್ಟಡಗಳಲ್ಲಿ ಯಾರಾದರೂ ವಿಚಾರಿಸಿದ್ದಾರೆ? ಕುಡಿಯುವ ನೀರು, ಫೋನ್ ಚಾರ್ಜ್ ಮಾಡಲು ಒಂದು ಪ್ಲಗ್, ಮಳೆ ಬಂದರೆ ನಿಲ್ಲಲು ಒಂದು ಸೂರು, ಇಷ್ಟನ್ನು ಅವರು ಕೇಳುವವರೆಗೂ ಕಾಯಬಾರದು. ಮುಂದಿನ ಸಲ ಅಪಾರ್ಟ್‌ಮೆಂಟ್ ಮೀಟಿಂಗ್ ಕರೆದಾಗ ಪೇಂಟ್, ಪಾರ್ಕಿಂಗ್ ವಿಷಯಕ್ಕಿಂತ ಮೊದಲು ಇದನ್ನು ಎತ್ತಿ. ಬಾಡಿಗೆಯವರನ್ನೂ ಆ ಮೀಟಿಂಗಿಗೆ ಕರೆಯಿರಿ, ಅವರೂ ಅದೇ ಮೆಟ್ಟಿಲು ಹತ್ತುವವರು.

ಇನ್ನು ಏಣಿ ಇಸಕೊಂಡವರಿಗೆ ಒಂದು ಮಾತು. ಹೇಳಿದ ದಿನವೇ ವಾಪಸ್ ಕೊಡಿ, ಒರೆಸಿ ಕೊಡಿ, ಮುರಿದಿದ್ದರೆ ಮೊದಲೇ ಹೇಳಿ ರಿಪೇರಿ ಮಾಡಿಸಿ. ಯಾರಾದರೂ ಆಗಲ್ಲ ಅಂದರೆ ಪರವಾಗಿಲ್ಲ ಅಂತ ನಗುತ್ತಾ ಬನ್ನಿ, ಅವರಿಗೆ ಅವತ್ತು ಏನು ತಾಪತ್ರಯ ಇತ್ತೋ. ಮತ್ತೆ ಅವರೇ ನಿಮ್ಮ ಬಾಗಿಲಿಗೆ ಬಂದು, ಕನ್ನಡಕ ಸಿಗುತ್ತಿಲ್ಲ, ಈ ಮೆಸೇಜ್ ಸ್ವಲ್ಪ ಓದಿ ಹೇಳ್ತೀರಾ ಅಂತ ಕೇಳಿದ ದಿನ, ಕೈಯಲ್ಲಿರೋ ಕೆಲಸ ಪಕ್ಕಕ್ಕಿಟ್ಟು ಓದಿ ಹೇಳಿ.